ಒಗೆದ ಎಳೆ

ಬೆಂಕಿಪೊಟ್ಟಣದ ಟೆಲಿಫೋನಿನ ಪಾಠಕ್ಕೆ ಮಕ್ಕಳು ಎಂದಿನಂತೆ ತೀರಿಹೋದವರ ಬಟ್ಟೆಯಿಂದ ಒಂದೊಂದು ಎಳೆ ತಂದಿದ್ದರು. ಎಳೆದು ಹಿಡಿದರೆ ಉಟ್ಟವರ ದನಿ ಕೇಳಿಸುತ್ತಿತ್ತು.

"ನಮ್ಮಜ್ಜಿ ಇಲ್ಲೂ ಬೈತಾಳೆ ಮಿಸ್!" ಎಂದು ಚೆಲುವ ನಕ್ಕ.

"ತಪ್ಪು ನಿಂದೇ ಇರುತ್ತೆ, ಕೇಳಿಸ್ಕೋ," ಎಂದರು ಭಾಗೀರಥಿ ಟೀಚರು.

ಅವರ ಕೈಯಲ್ಲಿದ್ದದ್ದು ಗಂಡನ ಪಂಚೆಯ ಎಳೆ. ಒಗೆದರೆ ದನಿ ಹೋಗುತ್ತದೆಂದು ಮೂವತ್ತು ವರ್ಷ ಪಾಠ ಹೇಳಿದವರು, ಸೂತಕ ಕಳೆದ ದಿನ ರೂಢಿಯಂತೆ ತಾವೇ ಆ ಪಂಚೆಯನ್ನು ಒಗೆದು ಮಡಿ ಮಾಡಿದ್ದರು.

"ನಿಮ್ದ್ರಲ್ಲಿ ಏನ್ ಕೇಳುತ್ತೆ ಮಿಸ್?" ಎಂದಳು ಪುಟ್ಟಗೌರಿ.

"ಏನೂ ಇಲ್ಲ ಕಣಮ್ಮ. ಆ ತುದಿ ನೀನು ಹಿಡ್ಕೋ."

ಭಾಗೀರಥಿ ಪೊಟ್ಟಣಕ್ಕೆ ತುಟಿ ತಾಗಿಸಿ, "ರೀ, ಊಟ ಆಯ್ತಾ?" ಎಂದು ಕೇಳಿ ಕಿವಿಗಿಟ್ಟುಕೊಂಡರು.

ಉತ್ತರ ಹೇಳಲು ಬಾಯಿ ತೆರೆದ ಪುಟ್ಟಗೌರಿ ಅವರ ಮುಖ ನೋಡಿ ಸುಮ್ಮನಾದಳು. ಗಂಟೆ ಹೊಡೆಯುವವರೆಗೂ ಎಳೆ ಸಡಿಲಾಗದಂತೆ ಹಿಡಿದೇ ನಿಂತಳು.