ಆರಿಸಿ ಮುಗಿಯದ ತಾಳ

“ಇದೂ ಬೇಡ,” ಎಂದು ವೆಂಕಟರಾಮಪ್ಪ ತಾಳದ ಜೋಡಿಯನ್ನು ಕೆಳಗಿಟ್ಟಾಗ ಆವಲಪ್ಪ ಹಲ್ಲು ಕಚ್ಚಿದ.

“ಏನು ಕೊರತೆ ಹೇಳಿ ಮಾಸ್ಟ್ರೇ? ಒಳ್ಳೇ ಕಂಚು. ಗೌರಿಬಿದನೂರಿನ ಬ್ಯಾಂಡಿನೋರು ಇಂಥದ್ದೇ ಕಣ್ಣುಮುಚ್ಚಿ ತಗೊಂಡೋದ್ರು.”

“ಕಂಚೇನೋ ಚೆನ್ನಾಗೈತೆ. ದನಿ ದೂರ ಹೋಗಲ್ಲ.”

ಚಿಂತಾಮಣಿಯ ಪೇಟೆಯಲ್ಲಿ ಆವಲಪ್ಪನದು ಹಿತ್ತಾಳೆ, ಕಂಚಿನ ಪಾತ್ರೆಗಳ ಅಂಗಡಿ. ಬಿಂದಿಗೆ, ಕೊಳಗಗಳ ಜೊತೆಗೆ ಮದುವೆ ಬ್ಯಾಂಡಿನವರು ಕೊಳ್ಳುವ ಅಗಲ ತಾಳಗಳನ್ನೂ ತರಿಸಿ ಇಡುತ್ತಿದ್ದ. ವೆಂಕಟರಾಮಪ್ಪ ಶಿಡ್ಲಘಟ್ಟದವನು. ಬ್ಯಾಂಡ್ ಕಟ್ಟಿಕೊಂಡು ದೊಡ್ಡ ಡ್ರಮ್ ಬಾರಿಸುತ್ತಿದ್ದ. ಹಳೆಯ ತಾಳ ಬಿರುಕುಬಿಟ್ಟಿದೆ, ಡ್ರಮ್ಮಿನ ಏಟಿಗೆ ಸರಿಜೋಡಿಯಾಗಿ ಸಿಡಿಯುವಂಥದ್ದು ಬೇಕು ಎಂದು ೧೯೫೮ರ ದೀಪಾವಳಿಯ ಹೊತ್ತಿಗೆ ಮೊದಲ ಸಲ ಬಂದಿದ್ದ. ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರವಾದರೂ ಆರಿಸುತ್ತಲೇ ಇದ್ದ.

ಸೋಮವಾರ ಬಂತೆಂದರೆ ಆವಲಪ್ಪನಿಗೆ ಬೆಳಿಗ್ಗೆಯಿಂದಲೇ ತಲೆನೋವು. ಮಧ್ಯಾಹ್ನದ ಬಸ್ಸಿನಿಂದ ವೆಂಕಟರಾಮಪ್ಪ ಇಳಿಯುತ್ತಿದ್ದ. ತಾಳಗಳನ್ನೆಲ್ಲ ತೆಗೆಸುತ್ತಿದ್ದ. ಅಂಗಡಿಯೊಳಗೆ ಬಾರಿಸಿದರೆ ಪಾತ್ರೆಗಳೂ ಜೊತೆಗೆ ಗುಂಯ್‌ಗುಡುತ್ತವೆ, ದನಿಯ ಗುಣ ತಿಳಿಯುವುದಿಲ್ಲ ಎಂದು ಹಿತ್ತಲಿಗೆ ಹೋಗುತ್ತಿದ್ದ. ಅಲ್ಲಿ ಗೋಡೆಯ ಕಡೆ ಮುಖ ಮಾಡಿ ಎರಡು ಸಲ ಮೆತ್ತಗೆ, ಒಂದು ಸಲ ಕಿವಿ ಕಿತ್ತುಹೋಗುವಂತೆ ಬಾರಿಸುತ್ತಿದ್ದ. ಆಮೇಲೆ ತಲೆ ವಾಲಿಸಿ ಕೇಳುತ್ತ ನಿಲ್ಲುತ್ತಿದ್ದ.

ಗೋಡೆಯಾಚೆ ಬೇರೆ ಬೀದಿಗೆ ಬಾಗಿಲಿದ್ದ ಮನೆಯೊಂದಿತ್ತು. ಯಾರೋ ಹೊಸದಾಗಿ ಬಾಡಿಗೆಗೆ ಬಂದಿದ್ದರು. ಇವನ ಏಟು ಮುಗಿದದ್ದೇ ತಡ, ಅಲ್ಲಿಂದ ಠಣ್ ಎಂದು ಪಾತ್ರೆ ಕುಕ್ಕಿದ ಸದ್ದು.

“ಕೇಳಿಸ್ತಾ ಮಾಸ್ಟ್ರೇ? ಆ ಮನೆಯೋರೂ ಬೇಸತ್ತು ಪಾತ್ರೆ ಕುಕ್ತಾವ್ರೆ. ನಾಳೆ ನನ್ಮೇಲೆ ಜಗಳಕ್ಕೆ ಬರ್ತಾರೆ.”

“ಕೇಳಿಸ್ತು,” ಎನ್ನುತ್ತಿದ್ದ ವೆಂಕಟರಾಮಪ್ಪ. ತಾಳವನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಿ ವಾಪಸು ಕೊಡುತ್ತಿದ್ದ. “ಇನ್ನೊಂದು ವಾರ ನೋಡಣ.”

ಒಮ್ಮೆ ಆವಲಪ್ಪ ಸೋತು ಕೇಳಿದ್ದ: “ಇಷ್ಟೊಂದು ಸಲ ಬಸ್ ಹತ್ತಿ ಇಳೀತೀರಲ್ಲ, ಮನೇಲಿ ಯಾರೂ ಬೈಯೋದಿಲ್ವಾ?”

“ಬೈಯೋರು ಯಾರೂ ಇಲ್ಲ ಈಗ.”

ತಿಕ್ಕಲು ಮನುಷ್ಯ ಎಂದುಕೊಂಡಿದ್ದ ಆವಲಪ್ಪ.

ಆದರೆ ಒಂದು ಸೋಮವಾರ ಅವನ ತಾಳ್ಮೆ ತಪ್ಪಿತು. ಅಂಗಡಿಯಲ್ಲಿ ಮದುವೆಮನೆಯವರು ಪಾತ್ರೆ ನೋಡುತ್ತಿದ್ದರು. ಹಿತ್ತಲಿನಲ್ಲಿ ವೆಂಕಟರಾಮಪ್ಪ ಬಾರಿಸಿದ. ಕೇಳುತ್ತ ನಿಂತ. ಮತ್ತೆ ಬಾರಿಸಿದ. ಆಚೆ ಮನೆಯಿಂದ ಈ ಸಲ ಯಾವ ಸದ್ದೂ ಇಲ್ಲ. ಪಾಪ, ಅವರಿಗೂ ಸಾಕಾಗಿರಬೇಕು. ಆತ ಮಾತ್ರ ನಿಲ್ಲಿಸಲಿಲ್ಲ. ಒಂದು ಜೋಡಿ ಬಿಟ್ಟು ಇನ್ನೊಂದು, ಅದನ್ನು ಬಿಟ್ಟು ಮತ್ತೊಂದು. ಹಣೆಯಿಂದ ಬೆವರು ಇಳಿಯುತ್ತಿತ್ತು. ಗಿರಾಕಿಗಳು ಕಿವಿ ಮುಚ್ಚಿಕೊಂಡು ಎದ್ದು ಹೊರಟೇಬಿಟ್ಟರು.

ಆವಲಪ್ಪ ಓಡಿಹೋಗಿ ಅವನ ಕೈ ಹಿಡಿದ. “ಸಾಕು ನಿಲ್ಸಿ! ಕೊಳ್ಳೋದಿದ್ರೆ ಈಗ್ಲೇ ಕೊಂಡ್ಕೊಳ್ಳಿ. ಇಲ್ದಿದ್ರೆ ಇನ್ಮೇಲೆ ಈ ಮೆಟ್ಲು ಹತ್ತಬೇಡಿ. ವ್ಯಾಪಾರ ಮಾಡೋ ಜಾಗ ಇದು, ನಿಮ್ಮ ಆಟಕ್ಕಲ್ಲ.”

ವೆಂಕಟರಾಮಪ್ಪ ಗೋಡೆಯನ್ನೇ ನೋಡಿದ. “ಒಂದೇ ಒಂದು ಸಲ ಬಾರಿಸ್ತೀನಿ ಆವಲಪ್ಪೋರೇ.”

“ಆಗಲ್ಲ.”

ಆತ ಕೈಯಲ್ಲಿದ್ದ ಜೋಡಿಗೆ ಚೌಕಾಸಿಯಿಲ್ಲದೆ ಹಣ ಕೊಟ್ಟು, ಟವೆಲಿನಲ್ಲಿ ಸುತ್ತಿಕೊಂಡು ಹೊರಟ. ಬೇಕಾದದ್ದು ಸಿಕ್ಕ ಗಿರಾಕಿಯ ನಡಿಗೆ ಅದಾಗಿರಲಿಲ್ಲ. ಎಲ್ಲವನ್ನೂ ಕಳೆದುಕೊಂಡವನಂತೆ ಕಾಲೆಳೆಯುತ್ತಿದ್ದ. ಆವಲಪ್ಪನಿಗೆ ಪೀಡೆ ತೊಲಗಿತು ಅನ್ನಿಸಿತು.

ಮುಂದಿನ ಸೋಮವಾರ ಅಂಗಡಿ ತಣ್ಣಗಿತ್ತು. ಮಧ್ಯಾಹ್ನ ಹಿಂದಿನ ಮನೆಗೆ ಈಚೆಗೆ ಕೆಲಸಕ್ಕೆ ಬಂದುಹೋಗುತ್ತಿದ್ದ ಮುದುಕಿ ಓಬಳಮ್ಮ ಹಿತ್ತಲ ಬಾಗಿಲಲ್ಲಿ ಇಣುಕಿದಳು. ಗದ್ದಲದ ದೂರು ಹೇಳಲು ಬಂದಿದ್ದಾಳೆಂದು ಆವಲಪ್ಪ ತಾನೇ ಮೊದಲು ಬಾಯಿಬಿಟ್ಟ.

“ಹೋದ ಅವನು. ಇನ್ನು ಬರಲ್ಲ, ಹೆದರಬೇಡಿ.”

“ಅಯ್ಯೋ, ಬರಲ್ವಾ?” ಎಂದು ಮುದುಕಿ ಅಲ್ಲೇ ಕುಸಿದು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು ಮೆಲುದನಿಯಲ್ಲಿ ಏನೇನೋ ಹೇಳಿದಳು. ಕೇಳುತ್ತ ಕೇಳುತ್ತ ಆವಲಪ್ಪ ತಕ್ಕಡಿ ಕೆಳಗಿಟ್ಟ. ಅವಳು ಹೋದ ಮೇಲೆ ಅಂಗಡಿಗೆ ಬೀಗ ಹಾಕಿ ಶಿಡ್ಲಘಟ್ಟದ ಬಸ್ಸು ಹತ್ತಿದ.

ವೆಂಕಟರಾಮಪ್ಪ ಮನೆಯ ಜಗಲಿಯ ಮೇಲೆ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ತಾಳ, ಸುತ್ತಿದ ಟವೆಲನ್ನೂ ಬಿಚ್ಚಿರಲಿಲ್ಲ.

“ಮಾಸ್ಟ್ರೇ, ಆ ಜೋಡೀಲಿ ದೋಷ ಐತೆ. ವಾಪಸ್ ತನ್ನಿ, ಬೇರೆ ಆರಿಸಿ.”

“ದೋಷ ಏನೂ ಇಲ್ಲ. ನಂಗೊತ್ತು.”

“ನಾನು ಐತೆ ಅಂತಿದ್ದೀನಲ್ಲ. ಎಷ್ಟು ವಾರ ಬೇಕಾದ್ರೂ ಬಾರಿಸಿ ನೋಡಿ.”

“ಬೇಡಿ ಆವಲಪ್ಪೋರೇ.” ಆತ ತಲೆ ಎತ್ತಲಿಲ್ಲ. “ಇನ್ನು ಅಲ್ಲಿ ಬಾರಿಸಿ ಏನಾಗಬೇಕು? ಅವರು ಊರು ಬಿಟ್ರೋ ಏನೋ.”

ಆವಲಪ್ಪ ಅವನ ಪಕ್ಕದಲ್ಲೇ ಕೂತ.

“ನಿಮ್ಮ ಮಗಳು ಕದಿರಮ್ಮ ಹೇಳಿಕಳಿಸವ್ಳೆ: ಅಪ್ಪನ ಮುಖ ನೋಡಕೂಡದು ಅಂತ ಅತ್ತೆ ಮನೆಯೋರು ಆಣೆ ಹಾಕಿಸವ್ರೆ, ಅಪ್ಪನ ತಾಳ ಕೇಳಕೂಡದು ಅಂದಿಲ್ವಂತೆ, ಆವತ್ತು ಹೆರಿಗೆ ನೋವಲ್ಲಿ ಎದ್ದು ಜವಾಬು ಕೊಡೋಕೆ ಆಗಲಿಲ್ಲವಂತೆ, ಬರೋ ಸೋಮವಾರ ಬಂದು ಒಂಚೂರು ಮೆತ್ತಗೆ ಬಾರಿಸಬೇಕಂತೆ, ಮೊಮ್ಮಗಳು ಬೆಚ್ಚಿಬೀಳ್ತಾಳೆ.”