ಕಿತ್ತಳೆ ಕಾರಿನ ಸೊಟ್ಟ ಗೆರೆ

ಹಳೇ ಕಾರು ಅಸಲಿಯೋ ನಕಲಿಯೋ ಎಂದು ತೀರ್ಮಾನಿಸುವ ಪರೀಕ್ಷಕ ಪೈಕ್ ಹುಲ್ಲಿನ ಮೇಲೆ ಮಂಡಿಯೂರಿ, ಕಿತ್ತಳೆ ಬಣ್ಣದ ಕಾರಿನ ಕಪ್ಪು ಗೆರೆಗೆ ಅಳತೆ ಟೇಪು ಹಿಡಿದ. ಪಕ್ಕದಲ್ಲಿ ನಿಂತಿದ್ದ ವರ್ಜಿಲ್ ಸೊಬ್ಚಾಕ್ ತನ್ನ ಬಲಗೈಯನ್ನು ಜೇಬಿಗೆ ತುರುಕಿಕೊಂಡ.

ಮಿಷಿಗನ್ನಿನ ಆ ಊರಿನ ಹಳೇ ಕಾರುಗಳ ಮೇಳವನ್ನು ವರ್ಜಿಲ್ ತಪ್ಪಿಸಿಕೊಂಡ ವರ್ಷವಿಲ್ಲ. ಎಪ್ಪತ್ತಾರು ವಯಸ್ಸು. ಅದರಲ್ಲಿ ನಲವತ್ತು ವರ್ಷ ಊರವರ ಕಾರುಗಳಿಗೆ ಬಣ್ಣ ಹೊಡೆದವನು. 'ಕೂದಲೆಳೆಯಷ್ಟೂ ತಪ್ಪಿಲ್ಲ' ಎಂದು ಅಂಗಡಿಯ ಬೋರ್ಡಿನಲ್ಲೇ ಬರೆಸಿದ್ದ. ಮೇಳದಲ್ಲಿ ಎಲ್ಲ ಕಾರುಗಳನ್ನೂ ಸುತ್ತಿ ಸುತ್ತಿ ನೋಡುತ್ತಿದ್ದವನು ಓರ್ವಲ್ ಹ್ಯಾಚ್‌ನ ಈ ಕಿತ್ತಳೆ ಕಾರು ಕಂಡರೆ ಮಾತ್ರ ದೂರದಿಂದಲೇ ಬಳಸಿಕೊಂಡು ಹೋಗುತ್ತಿದ್ದ. ಇವತ್ತು ಅದು ಆಗಲಿಲ್ಲ. ಓರ್ವಲ್ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅವನ ಮಗಳು ಕಾರ್ಲಿಸ್, "ಅಪ್ಪನ ಜಾಗದಲ್ಲಿ ನೀವು ನನ್ನ ಪಕ್ಕ ನಿಂತ್ಕೊಳ್ಳಿ ಅಂಕಲ್" ಎಂದು ಕೈಹಿಡಿದು ಕರೆತಂದಿದ್ದಳು.

"ಬಾಗಿಲು ದಾಟಿದ್ಮೇಲೆ ಗೆರೆ ಅರ್ಧ ಇಂಚು ಕೆಳಗೆ ಜಾರಿದೆ ಮೇಡಂ," ಎಂದ ಪೈಕ್. "ಫ್ಯಾಕ್ಟರಿಯವ್ರೂ ತಪ್ಪು ಮಾಡ್ತಿದ್ರು, ಇಲ್ಲ ಅನ್ನಲ್ಲ. ಆದ್ರೆ ಇಷ್ಟು ಸೊಟ್ಟ ಇದ್ದಿದ್ರೆ ತಪಾಸಣೆಯವ್ರು ಗೇಟು ದಾಟೋಕೆ ಬಿಡ್ತಿರಲಿಲ್ಲ. ಇದು ಆಮೇಲೆ ಯಾರೋ ಬಳಿದಿರೋದು."

"ಫ್ಯಾಕ್ಟರಿಯಿಂದ ಹೀಗೇ ಬಂದಿದ್ದು ಅಂತ ಅಪ್ಪ ಸಾಯೋವರೆಗೂ ಹೇಳ್ತಿದ್ರು."

"ಹಾಳೆ ಇದೆಯಾ?"

ಇರಲಿಲ್ಲ. ಯಾವ ಕಾರಿಗೆ ಯಾವ ಗೆರೆ, ಯಾವ ಪಟ್ಟಿ ಎಂದು ಫ್ಯಾಕ್ಟರಿಯವರು ಬರೆದು ಸೀಟಿನಡಿ ಸಿಕ್ಕಿಸಿದ ಹಾಳೆಯನ್ನು ಇಲಿಗಳು ಎಂದೋ ತಿಂದು ಮುಗಿಸಿದ್ದವು. ಓರ್ವಲ್ ಕಾರು ಕೊಂಡದ್ದೂ ಹೊಸದಾಗಿ ಅಲ್ಲ, ಊರಿನ ಸೆಕೆಂಡ್‌ಹ್ಯಾಂಡ್ ವ್ಯಾಪಾರಿಯಿಂದ. ವ್ಯಾಪಾರಿಯ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದದ್ದು ಪಕ್ಕದ ಅಂಗಡಿಯ ವರ್ಜಿಲ್.

"ಓರ್ವಲ್ ಹಿಡಿದ ಮೀನುಗಳೂ ಹಿಂಗೇ ಕಣ್ರೋ," ಎಂದು ಗುಂಪಿನಿಂದ ಲೈಲ್ ಕೂಗಿದ. "ಬಾಯಿ ಬಿಟ್ರೆ ಅರ್ಧ ಇಂಚು ಬೆಳೀತಿದ್ವು!"

ಎಲ್ಲರೂ ನಕ್ಕರು. ಕಾರ್ಲಿಸ್ ತಲೆ ತಗ್ಗಿಸಿದಳು.

ವರ್ಜಿಲ್‌ನ ಕಿವಿ ಕಾದವು. ಇದೇ ನಗು, ಇದೇ ಲೈಲ್. ಕಾಫಿ ಅಂಗಡಿಯಲ್ಲಿ ಪ್ರತಿ ಬೆಳಿಗ್ಗೆ ಓರ್ವಲ್‌ನನ್ನು ಹೀಗೇ ಸುಳ್ಳ ಎಂದು ಆಡಿಕೊಳ್ಳುತ್ತಿದ್ದರು. ಕೊನೆಗೆ ಓರ್ವಲ್ ಅಲ್ಲಿಗೆ ಬರುವುದನ್ನೇ ಬಿಟ್ಟುಬಿಟ್ಟಿದ್ದ. ವರ್ಜಿಲ್ ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಉಳಿದವರ ಜೊತೆ ತಾನೂ ನಕ್ಕು, ಕಾಫಿ ಕುಡಿದು ಎದ್ದು ಬಂದಿದ್ದ. ಆ ಪಾಪದ ಮನುಷ್ಯ ಒಮ್ಮೆ ಕಾರು ತಂದು, ಹಿಂಬದಿಯ ಬೆಳ್ಳಿ ಬಣ್ಣದ ಪಟ್ಟಿ ಬಿಚ್ಚಿ ಹೊಳಪು ಮಾಡಿಕೊಡು ಎಂದಿದ್ದ. "ಅದನ್ನ ಮುಟ್ಟಬೇಡ, ಮುರಿದು ಹೋಗುತ್ತೆ" ಎಂದು ವರ್ಜಿಲ್ ಅವನನ್ನು ಹೆದರಿಸಿ ಕಳಿಸಿದ್ದ.

ಊಟದ ಗಂಟೆ ಮೊಳಗಿತು. ವರ್ಜಿಲ್ ಬೆಚ್ಚಿಬಿದ್ದ. ಗಂಟೆ ಕೇಳಿದರೆ ಈ ವಯಸ್ಸಿನಲ್ಲೂ ಅವನ ಎದೆ ಧಸಕ್ಕೆನ್ನುತ್ತಿತ್ತು. ಜನ ಸಾಸೇಜಿನ ವಾಸನೆ ಬಂದ ಕಡೆ ಕತ್ತು ತಿರುಗಿಸಿದರು, ಕಾಲು ಮಾತ್ರ ಕೀಳಲಿಲ್ಲ. ಪೈಕ್ 'ನಕಲಿ' ಎಂದು ಬರೆಯಲು ಪೆನ್ನಿನ ಮುಚ್ಚಳ ತೆಗೆದ.

"ಬರ್ಕೊಳ್ಳಿ," ಎಂದಳು ಕಾರ್ಲಿಸ್. ಕಣ್ಣು ತುಂಬಿತ್ತು. "ಮನೆಗೆ ಹೋಗಿ ಈ ಗೆರೆ ಕೆರೆದು ಹಾಕ್ತೀನಿ. ಅಪ್ಪನ ಮಾತು ನಂಬಿದ್ದೇ ನನ್ ತಪ್ಪು."

"ನಿಮ್ಮಪ್ಪಂದೇನೂ ತಪ್ಪಿಲ್ಲಮ್ಮ," ಎಂದ ವರ್ಜಿಲ್. ಬಲಗೈಯನ್ನು ಜೇಬಿನಿಂದ ಹೊರತೆಗೆದ. "ಆ ಗೆರೆ ಎಳೆದಿದ್ದು ನಾನು."

ಗುಂಪು ಇನ್ನೂ ಹತ್ತಿರಕ್ಕೆ ಒತ್ತಿಬಂತು. ಲೈಲ್ ಕೂಡ.

"ನೀವಾ?" ಕಾರ್ಲಿಸ್ ಅವನ ತೋಳು ಬಿಟ್ಟು ಹಿಂದೆ ಸರಿದಳು. "ಅಪ್ಪ ನಿಮ್ಮನ್ನ ಎಷ್ಟು ನಂಬಿದ್ರು! ಅವ್ರ ಹೆಣದ ಪೆಟ್ಟಿಗೆಗೆ ಹೆಗಲು ಕೊಟ್ಟೋರು ನೀವು. ಮೋಸ ಮಾಡಿ ಗೊತ್ತಿದ್ದೂ ಸುಮ್ನಿದ್ರಾ?"

ವರ್ಜಿಲ್‌ಗೆ ಅವಳ ಮುಖ ನೋಡಲು ಧೈರ್ಯ ಬರಲಿಲ್ಲ. "ಸುಮ್ನಿದ್ದೆ," ಎಂದ. "ನಾಚಿಕೆಗೆ. ಪೈಕ್, ಒಂದು ಪಾನಾ ಕೊಡಪ್ಪ. ಡಿಕ್ಕಿ ತೆಗಿ. ಒಳಗಡೆ ನಾಲ್ಕು ನಟ್ಟಿವೆ, ಆ ಪಟ್ಟಿ ಹಿಡಿದಿರೋವು. ಬಿಚ್ಚೋ ಮುಂಚೆ ಚೆನ್ನಾಗಿ ನೋಡ್ಕೊ."

ಪೈಕ್ ಡಿಕ್ಕಿಯೊಳಗೆ ತಲೆ ಹಾಕಿ, ಟಾರ್ಚು ಬಿಟ್ಟು ನೋಡಿದ. ಹೊರಬಂದಾಗ ಹುಬ್ಬು ಮೇಲೇರಿತ್ತು. "ನಟ್ಟಿನ ಮೇಲಿನ ಫ್ಯಾಕ್ಟರಿ ಮೇಣ ಒಡೆದೇ ಇಲ್ಲ. ಈ ಪಟ್ಟೀನ ಹುಟ್ಟಿದಾಗಿಂದ ಯಾರೂ ಬಿಚ್ಚಿಲ್ಲ."

"ಈಗ ಬಿಚ್ಚು."

ನಟ್ಟುಗಳು ಕಿರುಗುಟ್ಟುತ್ತ ಬಂದವು. ಪಟ್ಟಿ ಕಳಚಿತು. ಅದರ ಕೆಳಗೆ ಬಿಸಿಲು ಕಾಣದ ಕಿತ್ತಳೆ ಬಣ್ಣ ಹೊಸದರಂತೆ ಹೊಳೆಯುತ್ತಿತ್ತು. ಅದರ ಮೇಲೆ ಮೇಣದ ಪೆನ್ಸಿಲಿನ ಅಕ್ಷರಗಳು.

ವರ್ಜಿಲ್ ಕಣ್ಣು ಮುಚ್ಚಿಕೊಂಡ. "ಓದಮ್ಮ. ಲೈಲ್‌ಗೂ ಕೇಳೋ ಹಾಗೆ ಜೋರಾಗಿ ಓದು."

ಕಾರ್ಲಿಸ್ ಬಗ್ಗಿ ನಿಧಾನವಾಗಿ ಓದಿದಳು: "ಕುಡಿದು ಕೆಲಸಕ್ಕೆ ಬಂದು ಈ ಗೆರೆ ಕೆಡಿಸಿದ್ದಕ್ಕೆ ಜೊತೆಯವರು ನನ್ನ ಕೈಯಿಂದಲೇ ಬರೆಸಿದ್ದು — ವರ್ಜಿಲ್ ಸೊಬ್ಚಾಕ್, ಫ್ಯಾಕ್ಟರಿಯ ಗೆರೆ ವಿಭಾಗ, ಬೆಳಗಿನ ಪಾಳಿ, ಸೋಮವಾರ, ಮೇ 11, 1970."