ಎರಡನೇ ಕೌಂಟರಿನ ಮೈಕು

ಸೂಪರ್‌ಮಾರ್ಕೆಟ್ಟಿನ ಎರಡನೇ ಕೌಂಟರಿನ ದೊಡ್ಡಕ್ಕನಿಗೆ ಸೋಂಕು ತಗುಲಿ ಆಸ್ಪತ್ರೆ ಸೇರಿದ್ದನ್ನು ಮ್ಯಾನೇಜರ್ ಯಾರಿಗೂ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಅದೇ ಕುರ್ಚಿಯಲ್ಲಿ, ಅದೇ ಮೈಕಿನ ಮುಂದೆ ಇನ್ನೊಬ್ಬಳನ್ನು ಕೂರಿಸಿದ.

ಆ ಇನ್ನೊಬ್ಬಳನ್ನು ಅಂಗಡಿಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಕೋಗಿಲೆ ಎಂದು. ಬಿಲ್ಲು ಮಾಡುತ್ತಲೇ ನಡುನಡುವೆ ಮೈಕಿಗೆ ಬಾಯಿ ತಾಗಿಸಿ, "ಹಿಟ್ಟು ಮೂರನೇ ಸಾಲಿನಲ್ಲಿ, ಸೋಪು ಐದರಲ್ಲಿ" ಎಂದು ರಾಗವಾಗಿ ಕೂಗುತ್ತಿದ್ದಳು. ಉಳಿದವರು ಮನೆಯಿಂದ ತಂದ ಕರವಸ್ತ್ರವನ್ನಾದರೂ ಮೂಗಿಗೆ ಕಟ್ಟಿಕೊಂಡಿದ್ದರು. ಮೈಕಿನವಳ ದನಿ ಕೆಡುತ್ತದೆಂದು ಇವಳಿಗೆ ಅದಕ್ಕೂ ಅಪ್ಪಣೆಯಿಲ್ಲ.

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಕೋಗಿಲೆಗೆ ದೊಡ್ಡಕ್ಕನ ಗಂಡನ ಫೋನು ಬಂತು.

"ಅವಳ ಕನ್ನಡಕ ಅಲ್ಲೇ ಉಳಿದಿದ್ಯಂತೆ, ಎತ್ತಿಡಮ್ಮ. ಆಸ್ಪತ್ರೆಯಿಂದ ಬಂದ್ಮೇಲೆ ಬೇಕಾಗುತ್ತೆ."

"ಆಸ್ಪತ್ರೆನಾ? ತವರಿಗೆ ಹೋಗಿದ್ದಾಳೆ ಅಂದ್ರಲ್ಲ ಸಾಹೇಬ್ರು!"

"ಯಾವ ತವರು? ಆಕ್ಸಿಜನ್ ಹಾಕಿ ಮಲಗಿಸಿದ್ದಾರೆ. ನಿಮ್ಮೆಲ್ಲರಿಗೂ ಪರೀಕ್ಷೆ ಮಾಡ್ಸಿ ಅಂತ ನಿನ್ನೆ ಸಂಜೇನೇ ಅವರಿಗೆ ಹೇಳಿದ್ನಲ್ಲ."

ಕೋಗಿಲೆ ಮೈಕು ನೋಡಿದಳು. ಅದರ ಸ್ಪಂಜಿನ ತುದಿಗೆ ದೊಡ್ಡಕ್ಕನ ತುಟಿಯ ಕೆಂಪು ಅಂಟಿಕೊಂಡೇ ಇತ್ತು. ಬೆಳಗಿನಿಂದ ಅದಕ್ಕೆ ಮುತ್ತಿಟ್ಟಂತೆ ಕೂಗಿದ್ದಾಳೆ. ಮನೆಯಲ್ಲಿ ಮೊಲೆ ಬಿಡದ ಕೂಸು. ಊಟದ ಬಿಡುವಿನಲ್ಲಿ ಓಡಿಹೋಗಿ ಹಾಲೂಡಿಸಬೇಕು. ಗಂಡ ಓಡಿಸುತ್ತಿದ್ದ ಬಸ್ಸು ನಿಂತ ಮೇಲೆ ಒಲೆ ಉರಿಯುತ್ತಿರುವುದು ಇವಳ ಸಂಬಳದಿಂದ. ಎದೆ ಹಾಲಿನಿಂದ ಬಿಗಿದಿತ್ತು, ಸಿಟ್ಟಿನಿಂದಲೂ.

ಆ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ನೂಕುನುಗ್ಗಲಾದಾಗ ಕೌಂಟರಿನ ಗಂಟೆಯನ್ನು ಮೂರು ಸಲ ಒತ್ತಿದರೆ, ಯಾರು ಯಾವ ಮೂಲೆಯಲ್ಲಿದ್ದರೂ ಕೈಲಿದ್ದದ್ದು ಬಿಟ್ಟು ಮುಂದಕ್ಕೆ ಓಡಿ ಬರಬೇಕು. ಕಟ್ಟಳೆ ಮಾಡಿದವನು ಮ್ಯಾನೇಜರೇ. ಕೋಗಿಲೆ ಒತ್ತಿದಳು. ಇನ್ನೊಮ್ಮೆ. ಮತ್ತೊಮ್ಮೆ.

ದಡದಡ ಹೆಜ್ಜೆಗಳು! ಮಾಂಸ ಕತ್ತರಿಸುವ ಕತ್ತಿ ಮಾವ ಏಪ್ರನ್ನಿಗೆ ಕೈ ಒರೆಸುತ್ತ ಬಂದ. ತರಕಾರಿ ಜೋಡಿಸುವವರು, ಗೋದಾಮಿನವರು, ತಣ್ಣನೆಯ ಕೋಣೆಯಿಂದ ಹೆಗಲ ಮೇಲೆ ಮಂಜು ಹೊತ್ತವರು, ಎಲ್ಲರೂ ಬಂದು ನಿಂತರು. ಕ್ಯಾಬಿನ್ನಿನ ಗಾಜಿನೊಳಗೆ ಮ್ಯಾನೇಜರ್ ತಲೆದೂಗಿದ. ಆಹಾ, ಶಿಸ್ತೆಂದರೆ ಇದು!

"ಏನೇ ಇದು, ಒಳಗಿರೋ ನಾಲ್ಕು ಜನ ಗಿರಾಕಿಗೆ ನಲವತ್ತು ಜನಾನ ಓಡಿಸ್ತೀಯಾ?" ಎಂದ ಕತ್ತಿ ಮಾವ.

"ಮಾವ, ದೊಡ್ಡಕ್ಕ ತವರಲ್ಲಿಲ್ಲ. ಆಸ್ಪತ್ರೇಲಿ ಉಸಿರಿಗೆ ಒದ್ದಾಡ್ತಿದ್ದಾಳೆ. ಸಾಹೇಬ್ರಿಗೆ ನಿನ್ನೇನೇ ಗೊತ್ತು."

ಕತ್ತಿ ಮಾವ ದಿನಾ ಊಟದ ಹೊತ್ತಿಗೆ ದೊಡ್ಡಕ್ಕನ ಡಬ್ಬಿಗೆ ಕೈ ಹಾಕಿ ಬೈಸಿಕೊಳ್ಳುತ್ತಿದ್ದವನು. ಕೈ ಚಾಚಿ ಎರಡನೇ ಕೌಂಟರಿನ ಮೇಲಿನ ದೀಪ ಆರಿಸಿದ. ದೀಪ ಉರಿದರೆ ಕೌಂಟರು ತೆರೆದಿದೆಯೆಂದು ಅರ್ಥ. ಒಂದನೆಯದು ಆರಿತು, ಮೂರನೆಯದು ಆರಿತು. ನಾಲ್ಕು, ಐದು. ಕೊನೆಯ ದೀಪ ಆರಿದಾಗ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಕೈಲಿದ್ದ ಬುಟ್ಟಿ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು.

ಮ್ಯಾನೇಜರ್ ದುಬಾರಿ ಮಾಸ್ಕು ಸರಿಪಡಿಸಿಕೊಳ್ಳುತ್ತ ಓಡಿ ಬಂದ. "ದೀಪ ಹಾಕ್ರೋ! ಯಾರಪ್ಪನ ಅಂಗಡಿ ಅಂದ್ಕೊಂಡಿದ್ದೀರಿ?"

"ಹಾಕ್ತೀವಿ ಸಾಹೇಬ್ರೆ," ಎಂದ ಕತ್ತಿ ಮಾವ. "ಎಲ್ರಿಗೂ ಪರೀಕ್ಷೆ ಮಾಡ್ಸಿ, ಮಾಸ್ಕ್ ಕೊಡಿ. ಕೌಂಟರಿಗೆ ಅಡ್ಡ ಗಾಜು ಹಾಕ್ಸಿ."

"ನಿಂತ ನಿಲುವಿನಲ್ಲಿ ಗಾಜು ಎಲ್ಲಿಂದ ತರ್ಲಿ?"

"ನಿಮ್ಮ ಕ್ಯಾಬಿನ್ನಿಗೆ ನಾಲ್ಕೂ ಕಡೆ ಇದ್ಯಲ್ಲ! ಒಳಗಿರೋದು ನೀವೊಬ್ರೇ. ನಿಮ್ಮಿಂದ ನಿಮ್ಮನ್ನೇ ಕಾಪಾಡ್ಕೊಳ್ತಿದ್ದೀರಾ?"

ನಗು ಭುಗಿಲೆದ್ದು ಸಾಲಿನ ಕೊನೆಯವರೆಗೆ ಹಬ್ಬಿತು. ಮ್ಯಾನೇಜರ್ ಅದಕ್ಕೆ ಬೆನ್ನು ತಿರುಗಿಸಿ, ಕೋಗಿಲೆಯ ಕಡೆ ಬಾಗಿ ದನಿ ಇಳಿಸಿದ.

"ನೋಡಮ್ಮ, ನಿಂಗೊಂದು ಕೂಸಿದೆ. ಗಂಡ ಮನೇಲಿ ಕೂತಿದ್ದಾನೆ. ಇವರ ಮಾತು ಕೇಳಿ ಕೆಡ್ತೀಯಾ? 'ಸಣ್ಣ ತೊಂದರೆ, ಈಗ ಸರಿಹೋಯ್ತು, ನಮ್ಮ ಅಂಗಡಿ ಪೂರ್ತಿ ಸುರಕ್ಷಿತ' ಅಂತ ಮೈಕಲ್ಲಿ ಹೇಳ್ಬಿಡು. ನಿನ್ನ ಕೆಲಸಕ್ಕೆ ನಾನಿದ್ದೀನಿ."

ಕೋಗಿಲೆ ಕತ್ತಿ ಮಾವನನ್ನೊಮ್ಮೆ ನೋಡಿದಳು. ಮೈಕು ಎತ್ತಿಕೊಂಡಳು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕೈ ತೂರಿಸಿ ಅದರ ಸ್ಪಂಜು ಕಿತ್ತು ಕಸದ ಬುಟ್ಟಿಗೆ ಎಸೆದಳು. ಗುಂಡಿ ಒತ್ತಿದಳು. ಹಿಟ್ಟಿನ ಸಾಲಿನಲ್ಲಿ, ಸೋಪಿನ ಸಾಲಿನಲ್ಲಿ, ಹೊರಗೆ ಬಿಸಿಲಲ್ಲಿ ಕಾಯುತ್ತಿದ್ದವರ ತಲೆಯ ಮೇಲೆ, ಎಲ್ಲ ಸ್ಪೀಕರುಗಳೂ ಒಟ್ಟಿಗೆ ಕರಕರ ಎಂದವು. ಮ್ಯಾನೇಜರ್ ನಿರಾಳವಾಗಿ ಉಸಿರು ಬಿಟ್ಟ.

"ಹೇಳಲ್ಲ," ಎಂದಳು ಕೋಗಿಲೆ, ರಾಗವಿಲ್ಲದೆ.